ಹೆಸರು ಮಡಚಿದ ಗ್ರಾಫ್ ಹಾಳೆ

ಅವರ ಬಲಗೈಯ ಅಂಚು, ಕಿರುಬೆರಳಿನ ತುದಿಯಿಂದ ಮಣಿಕಟ್ಟಿನವರೆಗೆ, ಸದಾ ಪೆನ್ಸಿಲ್ಲಿನ ಸೀಸ ಹತ್ತಿ ಬೂದುಗಪ್ಪಾಗಿ ಮಿನುಗುತ್ತಿತ್ತು. ಸೋಪು ಹಾಕಿ ತಿಕ್ಕಿದರೂ ಪೂರ್ತಿ ಹೋಗುತ್ತಿರಲಿಲ್ಲ. ನಮ್ಮ ಮನೆಗೆ ಬಂದು ಕಾಫಿ ಕುಡಿದು ಹೋದರೆ ಸ್ಟೀಲ್ ಲೋಟದ ಮೇಲೆ ಒಂದು ಮಸುಕು ಗುರುತು ಉಳಿಯುತ್ತಿತ್ತು. ಹಣೆಯ ಮೇಲಿನ ವಿಭೂತಿ ಮಾತ್ರ ಬೆಳಗಿನಿಂದ ಸಂಜೆಯವರೆಗೂ ಒಂದು ಚೂರು ಕದಡದೆ ಇರುತ್ತಿತ್ತು. ಎದುರುಮನೆಯ ಅಕ್ಕ ಎಂದರೆ ನನಗೆ ಮೊದಲು ನೆನಪಾಗುವುದು ಇದೇ.

ಅಡ್ಯಾರಿನಲ್ಲಿ ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಎರಡೇ ಮನೆಗಳು, ಬಾಗಿಲಿಗೆ ಬಾಗಿಲು. ಅಕ್ಕ ಧಾರವಾಡದ ಕಡೆಯವರು, ಮದುವೆಯಾಗಿರಲಿಲ್ಲ. ಎಳೆ ವಯಸ್ಸಿನಲ್ಲಿ ಇಲ್ಲಿಗೆ ಬಂದು, ನೀರೆತ್ತುವ ಪಂಪು ತಯಾರಿಸುವ ಕಂಪನಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿ, ಅಲ್ಲೇ ನಿವೃತ್ತರಾದವರು. ನಮ್ಮದು ಉಡುಪಿ ಕಡೆ. ಅಜ್ಜ ಹೋಟೆಲಿನ ಕೆಲಸಕ್ಕೆಂದು ಈ ತಮಿಳು ಊರಿಗೆ ಬಂದ ಮೇಲೆ ನಮ್ಮ ಕನ್ನಡದೊಳಗೆ ತಮಿಳು ಧಾರಾಳವಾಗಿ ಬಂದು ಕೂತಿದೆ. ಅಕ್ಕ ಅದನ್ನು ಬಿಡುತ್ತಿರಲಿಲ್ಲ. "ನಿನ್ನ ಕನ್ನಡದಾಗ ಅರ್ಧಕ್ಕರ್ಧಾ ಸಾಂಬಾರೈತಿ ನೋಡವಾ" ಎನ್ನುತ್ತಿದ್ದರು. "ನಿಮ್ಮದರಲ್ಲಿ ಬರೀ ಖಾರ" ಎಂದು ನಾನೂ ಬಿಡುತ್ತಿರಲಿಲ್ಲ.

ಮಧ್ಯಾಹ್ನ ಮೂರೂವರೆಗೆ ಷೇರುಪೇಟೆ ಮುಚ್ಚುತ್ತಲೇ ಅಕ್ಕ ಊಟದ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿ, ಬ್ಲೇಡಿನಿಂದ ಪೆನ್ಸಿಲ್ ಕೆತ್ತಿಕೊಂಡು ಕೂರುತ್ತಿದ್ದರು. ಫೋನಿನಲ್ಲಿ ಆ ದಿನದ ಬೆಲೆಗಳನ್ನು ನೋಡಿಕೊಂಡು, ಪ್ರತಿ ಷೇರಿಗೂ ಆ ದಿನದ ಒಂದು ಕ್ಯಾಂಡಲ್, ಮೇಣದಬತ್ತಿಯಂಥ ಗುರುತು, ಕೈಯಲ್ಲೇ ಬರೆಯುತ್ತಿದ್ದರು: ಎಲ್ಲಿ ಶುರುವಾಯಿತು, ಎಷ್ಟು ಏರಿತು, ಎಷ್ಟು ಇಳಿಯಿತು, ಎಲ್ಲಿ ಮುಗಿಯಿತು. ಫೋನೇ ಅದನ್ನೆಲ್ಲ ಬಣ್ಣಬಣ್ಣವಾಗಿ ತೋರಿಸುತ್ತದಲ್ಲ ಎಂದು ಕೇಳಿದ್ದಕ್ಕೆ, "ಫೋನ್ ಬರದ್ರ ಫೋನಿಗೆ ತಿಳೀತೈತಿ. ನನಗ ತಿಳೀಬೇಕಂದ್ರ ನಾ ಬರೀಬೇಕು" ಎಂದರು. ಮನೆಯಲ್ಲಿ ರಬ್ಬರ್ ಇಟ್ಟುಕೊಂಡಿರಲಿಲ್ಲ. ತಪ್ಪಾದರೆ ಹೊಸ ಹಾಳೆ. ಕಂಪನಿಯಲ್ಲಿ ಕಲಿತ ಶಿಸ್ತಂತೆ.

ನಾನು ಅವರ ಶಿಷ್ಯೆಯಾದದ್ದು ಒಂದು ಬಟ್ಟಲು ಹುಳಿಯ ನೆಪದಲ್ಲಿ. ಬಟ್ಟಲನ್ನು ಮೇಜಿನ ಮೇಲೆ ಇಡುವಾಗ ಹಾಳೆಯ ಕಡೆ ಕಣ್ಣು ಹೋಯಿತು. "ಅಕ್ಕ, ಇದೂ ಅದರ ಪಕ್ಕದ್ದೂ ಒಂದೇ ಥರ ಇವೆಯಲ್ಲ, ಒಂದೇ ದಿನದ್ದನ್ನು ಎರಡು ಸಲ ಬರೆದ್ರಾ?" ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು ಹಾಳೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಕುಂದ್ರು" ಎಂದರು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದೆ. "ಆರಿಸಿ ಬಂದು ಕುಂದ್ರು."

ಅವರು ಕಲಿಸುತ್ತಿದ್ದ ರೀತಿಯೇ ಬೇರೆ. ಹಾಳೆಯ ನೆತ್ತಿಯಲ್ಲಿ ಕಂಪನಿಯ ಹೆಸರಿರುತ್ತಿತ್ತು. ಆ ಭಾಗವನ್ನು ಹಿಂದಕ್ಕೆ ಮಡಚಿ, ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿ ನನ್ನ ಮುಂದೆ ತಳ್ಳುತ್ತಿದ್ದರು. "ಹೆಸರು ನೋಡಿದಿ ಅಂದ್ರ ಪ್ರೀತಿ ಬರ್ತೈತಿ, ಇಲ್ಲಾ ಸಿಟ್ಟು ಬರ್ತೈತಿ. ಬರೇ ಆಕಾರ ನೋಡು. ಏರಾಕತ್ತೈತೋ, ಇಳ್ಯಾಕತ್ತೈತೋ, ನಿಂತೈತೋ, ಅಷ್ಟ ಹೇಳು." ಬೆಲೆ ಬಿದ್ದಾಗಲೆಲ್ಲ ಹಿಂದಿನ ಸಲಕ್ಕಿಂತ ತುಸು ಮೇಲೇ ಕಾಲೂರಿ ಎದ್ದರೆ ಅದು ಏರುವ ಕಾಲ. ಆ ಕಾಲೂರಿದ ಜಾಗಗಳನ್ನು ಕೂಡಿಸಿ ಎಳೆಯುವುದೇ ಟ್ರೆಂಡ್‌ಲೈನ್. "ಎರಡು ಚುಕ್ಕಿ ಇದ್ರ ಯಾರ್ ಬೇಕಾದ್ರೂ ಗೆರಿ ಎಳೀತಾರ. ಮೂರನೇದು ತಾನಾಗಿ ಬಂದು ಮುಟ್ಟಲಿ, ಆಗ ನಂಬು." ದಿನದ ನಡುವೆ ಬೆಲೆ ಗೆರೆಯ ಕೆಳಗೆ ಇಣುಕಿದರೆ ಗಾಬರಿಯಾಗಬೇಕಿಲ್ಲ, ಪೇಟೆ ಮುಚ್ಚುವಾಗ ಎಲ್ಲಿ ನಿಂತಿದೆ ಎನ್ನುವುದು ಮುಖ್ಯ. ಐವತ್ತು ದಿನಗಳ ಬೆಲೆಯ ಸರಾಸರಿಯನ್ನೂ ಏಕೆ ಬರೆಯಬೇಕು ಎಂದು ಕೇಳಿದಾಗ ನಮ್ಮ ಅತ್ತೆಯವರ ಉದಾಹರಣೆಯನ್ನೇ ಕೊಟ್ಟರು: "ಬೆಲಿ ಅಂದ್ರ ನಿಮ್ಮತ್ತಿ ಇವತ್ತಿನ ಸಿಟ್ಟು. ಸರಾಸರಿ ಅಂದ್ರ ಆಕಿ ಸ್ವಭಾವ. ಸಿಟ್ಟು ನೋಡಿ ಮನಿ ಬಿಟ್ಟು ಹೋಗ್ತೀಯೇನು?"

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಮಾರ್ಜಿನ್ ಗೆರೆ ಕೂದಲೆಳೆಯಷ್ಟು ಓರೆಯಾದರೂ ಪುಟವನ್ನೇ ಮತ್ತೆ ಬರೆಸುತ್ತಿದ್ದರು. ಆ ಕೈ ಇಲ್ಲಿ ಉಪಯೋಗಕ್ಕೆ ಬಂತು. ನಾನೂ ಹಾಳೆ ತಂದು ಮನೆಯಲ್ಲಿ ಅಭ್ಯಾಸಕ್ಕೆ ಕೂತೆ. ಮಗಳು ಹೆಗಲ ಮೇಲಿಂದ ಬಗ್ಗಿ ನೋಡಿ, "ಎನ್ನಮ್ಮಾ ಇದು, ಜಿಯೋಮೆಟ್ರಿ ಹೋಂವರ್ಕಾ?" ಎಂದು ನಕ್ಕಳು. ಯಜಮಾನರು, "ಸಾರಿಗೆ ಉಪ್ಪು ಹಾಕೋದು ಮರೆತರೂ ಪರವಾಗಿಲ್ಲ, ನನ್ನ ಸಂಬಳದ ಟ್ರೆಂಡ್ ಮಾತ್ರ ನೋಡಬೇಡ ಮಾರಾಯ್ತಿ" ಎಂದರು.

ಅಕ್ಕನಿಗೆ ಮಾತ್ರ ಇದು ಹೊತ್ತು ಕಳೆಯುವ ಆಟವಾಗಿರಲಿಲ್ಲ. ಅವರ ಮನೆ ನಡೆಯುತ್ತಿದ್ದದ್ದೇ ಇದರಿಂದ. ಹತ್ತಿರದ ವೇಲಚೇರಿಯಲ್ಲಿ ಅವರ ತಮ್ಮನ ಮಗನ ಸಂಸಾರವಿತ್ತು. ಒಳ್ಳೆಯ ಹುಡುಗ. ಬಂದಾಗಲೆಲ್ಲ, "ಅತ್ತೆ, ಈ ಫ್ಲ್ಯಾಟ್ ಮಾರಿ ನಮ್ಮ ಜೊತೆ ಇದ್ದುಬಿಡಿ" ಎನ್ನುತ್ತಿದ್ದ. ಅವನದು ಎರಡು ಕೋಣೆಯ ಮನೆ, ಅಕ್ಕನ ಮಂಚ ನಡುಮನೆಯಲ್ಲಿ ಟಿವಿಯ ಪಕ್ಕ ಬೀಳಬೇಕು. "ಮಳಿಗಾಲದಾಗ ನಿಮ್ಮ ಓಣ್ಯಾಗ ಈಜಾಕ ಬರಬೇಕು, ನನಗ ಬರೂದಿಲ್ಲಪ್ಪಾ" ಎಂದು ಅವನನ್ನು ನಗಿಸಿ ಕಳಿಸುತ್ತಿದ್ದರು. ಅವನು ಹೋದ ಮೇಲೆ ನನ್ನೊಡನೆ ಹೇಳುತ್ತಿದ್ದರು: "ನನ್ನ ಕದಾ ನಾನ ಹಾಕೋಬೇಕು, ನಾನ ತಗೀಬೇಕು ತಂಗಿ. ಕೈಯಾಗ ರೊಕ್ಕ ಇರೂತನಕ ಅಷ್ಟ."

ಆ ರೊಕ್ಕದ ದೊಡ್ಡ ಪಾಲು ಒಂದೇ ಷೇರಿನಲ್ಲಿತ್ತು. ಅವರು ಕೆಲಸ ಮಾಡಿದ ಪಂಪಿನ ಕಂಪನಿಯದು. ಉಳಿದ ಷೇರುಗಳನ್ನು ಅವರು ತರಕಾರಿಯಂತೆ ತಿರುವಿ ಮುರುವಿ ನೋಡುತ್ತಿದ್ದರು. ಇದೊಂದನ್ನು "ನಮ್ಮ ಕಂಪನಿ" ಎನ್ನುತ್ತಿದ್ದರು. ಬಹಳ ಕಾಲದಿಂದ ಅದು ಏರುತ್ತಲೂ ಇತ್ತು, ಗೆರೆಯನ್ನು ಮುಟ್ಟಿ ಮುಟ್ಟಿ ಎದ್ದಿತ್ತು.

ಒಂದು ಮಧ್ಯಾಹ್ನ ಹೋದಾಗ ಮೇಜಿನ ಮೇಲೆ ಆ ಹಾಳೆಯಿತ್ತು. ಹಾಳೆಯ ಮಡಿಕೆಯಲ್ಲಿ ಏನೋ ಕಪ್ಪು ಚೂರುಗಳು. ಇರುವೆ ಎಂದುಕೊಂಡು ಊದಲು ಬಗ್ಗಿದೆ. ರಬ್ಬರಿನ ಪುಡಿ. ಹಳೆಯ ಗೆರೆಯನ್ನು ಅಳಿಸಿದ ಜಾಗದಲ್ಲಿ ಹಾಳೆಯ ಹಸಿರು ಚೌಕಗಳು ಮಾಸಿದ್ದವು. ಅದರ ಕೆಳಗೆ ಇನ್ನಷ್ಟು ಚಪ್ಪಟೆಯಾದ ಒಂದು ಹೊಸ ಗೆರೆ. ಹಳೆಯ ಗೆರೆ ಅಲ್ಲೇ ಇದ್ದಿದ್ದರೆ ಕೊನೆಯ ಮೂರು ದಿನದ ಬೆಲೆ ಅದರ ಕೆಳಗೆ ಮುಗಿದಿರುತ್ತಿತ್ತು. ಹೊಸ ಗೆರೆಯ ಪ್ರಕಾರ ಎಲ್ಲವೂ ಕ್ಷೇಮ.

"ಅಕ್ಕ, ಈ ಗೆರೆ ಮೊನ್ನೆ ಇಲ್ಲಿರಲಿಲ್ಲ ಅಲ್ವಾ?" ಎಂದೆ.

"ಮೊದಲಿಂದು ಸರಿ ಇರ್ಲಿಲ್ಲ."

"ಮೂರು ಸಲ ಮುಟ್ಟಿತ್ತು, ನೀವೇ ತೋರಿಸಿದ್ರಿ."

ಅವರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. "ಆ ಕಂಪನ್ಯಾಗ ಒಂದೊಂದು ನಟ್ಟು ಬೋಲ್ಟು ನಾ ಬರದಕಿ. ಅದರ ಬಗ್ಗೆ ನೀ ನನಗ ಕಲಸಾಕ ಬಂದಿಯೇನು? ಹೋಗು, ನಿನ್ನ ಒಲಿ ನೋಡ್ಕೋ."

ನಾನು ಬಂದುಬಿಟ್ಟೆ. ಕಣ್ಣಲ್ಲಿ ನೀರು ತುಂಬಿ ಒಗ್ಗರಣೆ ಸೀದುಹೋಯಿತು. ಅವರ ಸಿಟ್ಟಿಗಿಂತ ಹೆಚ್ಚಾಗಿ, ಟಿವಿಯ ಪಕ್ಕದ ಆ ಮಂಚವೇ ಕಣ್ಣಮುಂದೆ ಬರುತ್ತಿತ್ತು. ಮರುದಿನ ಬೆಳಿಗ್ಗೆ ನೀರುದೋಸೆ ತೆಗೆದುಕೊಂಡು ಹೋಗಿ ಬೆಲ್ ಒತ್ತಿದೆ. ಲಿಂಗಪೂಜೆ ಮುಗಿಸಿ ಎದ್ದಿದ್ದರು. ತಟ್ಟೆ ತೆಗೆದುಕೊಂಡರು. ಆಮೇಲೆ ಒಳಗಿನಿಂದ ಒಂದು ಹೊಸ ಹಾಳೆ ತಂದು ಮೇಜಿನ ಮೇಲಿಟ್ಟರು. ರಾತ್ರಿ ಕೂತು ಆ ಷೇರಿನ ಕ್ಯಾಂಡಲ್‌ಗಳನ್ನೆಲ್ಲ, ಸರಾಸರಿಯನ್ನೂ, ಮೊದಲಿನಿಂದ ಬರೆದಿದ್ದರು. ಗೆರೆ ಮಾತ್ರ ಎಳೆದಿರಲಿಲ್ಲ. ಮೇಲ್ಭಾಗ ಮಡಚಿ ಕ್ಲಿಪ್ಪು ಹಾಕಿತ್ತು.

"ನನ್ನ ಕೈ ನನ್ನ ಮಾತು ಕೇಳವಲ್ದು. ನೀ ಎಳಿ" ಎಂದರು.

ಸ್ಕೇಲ್ ಇಟ್ಟೆ. ಮೂರು ಚುಕ್ಕೆ ಕೂಡಿಸಿ ಎಳೆದೆ. ಬೆಲೆ ಗೆರೆಯ ಕೆಳಗೆ ಬಂದಿತ್ತು. ಮತ್ತೆ ಏಳಲು ಹೋಗಿ, ಹಿಂದಿನ ಎತ್ತರ ಮುಟ್ಟದೆ ಅರ್ಧದಲ್ಲೇ ಸೋತಿತ್ತು. ಸರಾಸರಿಯೂ ಮೂಗು ಕೆಳಗೆ ಮಾಡಿತ್ತು.

"ಇದು ಯಾರದೋ ಬ್ಯಾರೆಯವರದಾಗಿದ್ರ ಏನಂತಿದ್ದಿ?"

"ಮಾರಿಬಿಡಿ ಅಂತಿದ್ದೆ ಅಕ್ಕ."

ಅವರು ಹಾಳೆಯನ್ನೇ ನೋಡುತ್ತ ಕೂತರು. ದೋಸೆ ಆರುತ್ತಿತ್ತು. ಪೇಟೆ ತೆರೆದ ಮೇಲೆ ಫೋನು ಹಿಡಿದು, ಒಂದು ಬೆರಳಿನಿಂದ ನಿಧಾನವಾಗಿ ಒತ್ತಿ, ಎಲ್ಲವನ್ನೂ ಮಾರಿದರು. "ಕಂಪನಿ ಚೊಲೋ ಐತಿ ತಂಗಿ" ಎಂದರು ಆಮೇಲೆ, ಯಾರೋ ಅದನ್ನು ಅಲ್ಲಗಳೆದಿದ್ದಾರೆ ಎಂಬಂತೆ. "ಭಾಳ ಚೊಲೋ ಮಂದಿ." ನಾನು ಹೌದು ಎಂದೆ. ಅಕ್ಕ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ತುಂಬ ಹೊತ್ತು ಕೈ ತೊಳೆದರು.

ಮರುದಿನವೇ ಆ ಷೇರು ಮೇಲೇರಿತು. ಅದರ ಮರುದಿನವೂ. ನನಗೆ ಅನ್ನ ಸೇರಲಿಲ್ಲ. ಬೆಸೆಂಟ್ ನಗರದ ಬೀಚಿನಲ್ಲಿ ಸಂಜೆ ನಡೆಯುತ್ತಾ ಅಳುವ ದನಿಯಲ್ಲಿ ಕ್ಷಮೆ ಕೇಳಿದರೆ ಅಕ್ಕ ಕಡಲೆ ಉಸಲಿಯ ಪೊಟ್ಟಣ ನನ್ನ ಕೈಗಿಟ್ಟು ನಕ್ಕುಬಿಟ್ಟರು: "ಗೆರಿ ಏನ್ ಜ್ಯೋತಿಷ್ಯ ಹೇಳ್ತೈತೇನು? ಇವತ್ತ ಏನಾಗೈತಿ ಅಷ್ಟ ಹೇಳ್ತೈತಿ. ಮುಂದಿಂದಕ್ಕ ಮಾತು ಕೊಟ್ಟಿಲ್ಲ ಅದು. ಸುಂಡಲ್ ತಿನ್ನು." ಆಮೇಲೆ ಅದು ಇಳಿಯತೊಡಗಿತು. ಇಳಿದದ್ದು ಇಳಿದೇ ಹೋಯಿತು, ಅವರು ಮಾರಿದ ಬೆಲೆಯ ಅರ್ಧಕ್ಕೆ ಬಂದರೂ ನಿಲ್ಲಲಿಲ್ಲ. ಅಕ್ಕ ಒಂದು ದಿನವೂ "ನೋಡಿದಿಯಾ" ಎನ್ನಲಿಲ್ಲ. ದಿನಾ ಅದರ ಕ್ಯಾಂಡಲ್ ಮಾತ್ರ ಬರೆಯುತ್ತಿದ್ದರು, ಆಸ್ಪತ್ರೆಯಲ್ಲಿರುವ ನೆಂಟರನ್ನು ವಿಚಾರಿಸಿಕೊಂಡು ಬರುವವರಂತೆ.

ಷೇರಿನಿಂದ ನಾನೇನೂ ಶ್ರೀಮಂತಳಾಗಲಿಲ್ಲ. ಆದರೆ ಪ್ರೀತಿಯಿರುವ ಕಡೆ ಕಣ್ಣು ಹೇಗೆ ಮೆಲ್ಲಗೆ ಗೆರೆಯನ್ನು ಸರಿಸಿಬಿಡುತ್ತದೆ ಎಂದು ಅವರ ಮೇಜಿನ ಮೇಲೆ ನೋಡಿದ್ದೇನೆ. ಮಗಳ ವಿಷಯದಲ್ಲಿ, ನನ್ನ ವಿಷಯದಲ್ಲಿ, ಏನಾದರೂ ನಿರ್ಧರಿಸುವ ಮೊದಲು ಹೆಸರು ತೆಗೆದು ಒಮ್ಮೆ ನೋಡುವ ಅಭ್ಯಾಸ ಅವರ ಋಣ.

ಹೋದ ವರ್ಷ ಅಕ್ಕನ ಹೃದಯ ಸೋಲತೊಡಗಿತು. ಆಸ್ಪತ್ರೆಯಿಂದ ಹಟ ಹಿಡಿದು ಮನೆಗೆ ಬಂದರು. ವೇಲಚೇರಿಯ ಹುಡುಗನೇ ಬಂದು ಇಲ್ಲಿ ಮಲಗತೊಡಗಿದ, ಟಿವಿಯ ಪಕ್ಕ ಚಾಪೆ ಹಾಸಿಕೊಂಡು. ಒಂದು ಬೆಳಿಗ್ಗೆ ನಾನು ಕಾಫಿ ತೆಗೆದುಕೊಂಡು ಹೋದಾಗ ಅಕ್ಕ ಕಣ್ಣು ಬಿಟ್ಟು, "ಮಾರ್ಕೆಟ್ ಓಪನ್ ಆತೇನ ತಂಗಿ?" ಎಂದರು.

"ಇವತ್ತು ಭಾನುವಾರ ಅಲ್ವಾ ಅಕ್ಕ."

"ರವಿವಾರೇನು? ಹಂಗಾರ ಅವಸರಿಲ್ಲ" ಎಂದು ಕಾಫಿಯನ್ನು ಆಮೇಲೆ ಕುಡಿಯುವುದಾಗಿ ಕೈಸನ್ನೆ ಮಾಡಿ, ಗೋಡೆಯ ಕಡೆ ಹೊರಳಿ ಮಲಗಿದರು, ತಮ್ಮ ಕೋಣೆಯಲ್ಲಿ, ತಮ್ಮ ಮಂಚದ ಮೇಲೆ. ಮತ್ತೆ ಏಳಲಿಲ್ಲ.