ಗೆರೆಯ ಕೆಳಗೆ ಬಿಟ್ಟ ಜಾಗ

ಎಪ್ಪತ್ತರ ದಶಕದಲ್ಲಿ ಪುಂಜಾಲಕಟ್ಟೆಯ ಸಮೀಪದ ಶಾಲೆಯೊಂದರಲ್ಲಿ ನಮಗೆ ಚರಿತ್ರೆ ಕಲಿಸಿದ ಮಾಸ್ಟ್ರು, ಹಿಂದೂ ಧರ್ಮದ ಪಾಠ ಬಂದಾಗ ಕಪ್ಪುಹಲಗೆಯ ಉದ್ದಕ್ಕೂ ಒಂದು ಗೆರೆ ಎಳೆದು ಅದರಲ್ಲಿ ಶತಮಾನಗಳನ್ನು ಗುರುತಿಸುತ್ತಿದ್ದರು. ವೇದ, ಉಪನಿಷತ್ತು, ಆಚಾರ್ಯರು, ದಾಸರು, ಎಲ್ಲರಿಗೂ ಗೆರೆಯ ಮೇಲೆ ಸ್ಥಾನವಿತ್ತು. ಕೆಳಗೆ ಒಂದು ಗೇಣು ಜಾಗವನ್ನು ಖಾಲಿ ಬಿಡುತ್ತಿದ್ದರು. ಯಾರಾದರೂ ಕೇಳಿದರೆ, ಬೆರಳಿನ ಸೀಮೆಸುಣ್ಣವನ್ನು ಪಂಚೆಯ ಅಂಚಿಗೆ ಒರೆಸಿಕೊಂಡು, "ಪುಸ್ತಕದವರು ಬಿಟ್ಟದ್ದು ಉಂಟು ಮಾರಾಯ, ಜಾಗ ಇರಲಿ" ಎನ್ನುತ್ತಿದ್ದರು.

ಒಮ್ಮೆ ಆ ಪಾಠದ ನಡುವೆಯೇ ತಪಾಸಣೆಗೆ ಬಂದ ಇನ್‌ಸ್ಪೆಕ್ಟರರು ಹಿಂದೂಗಳ ದೇವರುಗಳನ್ನು ಹೆಸರಿಸುವಂತೆ ನನಗೆ ಹೇಳಿದರು. ನಾನು ನಮ್ಮ ಮನೆಯವರು ನಂಬಿಕೊಂಡು ಬಂದ, ಹಂದಿಯ ರೂಪದ ದೈವದಿಂದಲೇ ಆರಂಭಿಸಿದೆ: "ಪಂಜುರ್ಲಿ, ಸರ್."

"ಹಂದಿಗೂ ಚರಿತ್ರೆಯೇನಯ್ಯಾ?" ಎಂದು ಅವರು ನಕ್ಕರು. ತರಗತಿಯೂ ನಕ್ಕಿತು. ಎರಡನೆಯ ಬೆಂಚಿನಲ್ಲಿ ನಕ್ಕವರು ಐವರು. ಆ ಐವರ ಮನೆಗಳಲ್ಲಿಯೂ ಅದೇ ದೈವಕ್ಕೆ ವರ್ಷಂಪ್ರತಿ, ವೇಷ ಕಟ್ಟಿ ಕುಣಿಯುವ ಕೋಲದ ಸೇವೆ ನಡೆಯುತ್ತಿತ್ತು ಎಂಬುದನ್ನು ನಾನು ಇಂದಿಗೂ ಮರೆತಿಲ್ಲ.

ಮಾಸ್ಟ್ರು ನಗಲಿಲ್ಲ. ನನ್ನ ಕೈಗೆ ಸೀಮೆಸುಣ್ಣ ಕೊಟ್ಟು, "ಬರೆ, ಅಲ್ಲಿ ಜಾಗ ಉಂಟಲ್ಲ" ಎಂದರು. ನಾನು ಗೆರೆಯ ಕೆಳಗೆ ಪಂಜುರ್ಲಿ ಎಂದು ಬರೆದೆ.

"ಇದು ಯಾವ ಶತಮಾನದ್ದು ಮೇಷ್ಟ್ರೇ?" ಇನ್‌ಸ್ಪೆಕ್ಟರರು ಕೆಣಕಿದರು.

"ಗೊತ್ತಿಲ್ಲ ಸರ್. ಅದಕ್ಕೇ ಗೆರೆಯ ಮೇಲೆ ಬರೆಸಲಿಲ್ಲ."

"ಒರೆಸಿ ಅದನ್ನು."

"ಒರೆಸುವ ಸರ್. ಪಾಠ ಒಂದು ಮುಗಿಯಲಿ."

ಆ ಪಾಠವನ್ನು ಅವರು ಶನಿವಾರದವರೆಗೂ ಮುಗಿಸಲಿಲ್ಲ. ಗಣಿತದ ಮಾಸ್ಟ್ರು ನಾಲ್ಕು ದಿನ ತಮ್ಮ ಲೆಕ್ಕಗಳನ್ನೆಲ್ಲ ಹಲಗೆಯ ಒಂದು ಮೂಲೆಯಲ್ಲಿಯೇ ಮಾಡಿದರು.