ತಣ್ಣಗಾಗದ ಪೆಟ್ಟಿಗೆ

ಸತ್ತವರು ಬದುಕಿರುವವರ ಬಾಯಲ್ಲಿ ಮಾತಾಡುತ್ತಾರೆ ಎಂದರೆ ನಾನು ನಗುತ್ತಿದ್ದೆ. ನಗುವುದಷ್ಟೇ ಅಲ್ಲ, ಅದನ್ನೇ ಮಾಡಿ ತೋರಿಸಿ ಗೆಳೆಯರಿಂದ ಚಹಾ ಗಿಟ್ಟಿಸುತ್ತಿದ್ದೆ. ಆದೋನಿಯ ನಮ್ಮ ಓಣಿಯಲ್ಲಿ ಮೈಮೇಲೆ ದೇವರು ಬಂದ ಮುದುಕಿ ಹೇಗೆ ತೂಗಾಡುತ್ತಾಳೆ, ನಲ್ಲಿ ನೀರು ಬಿಡುವವನು ಹೇಗೆ ಕೆಮ್ಮುತ್ತಾನೆ, ನಮ್ಮಪ್ಪ ಸಿಟ್ಟು ಬಂದಾಗ ಹೇಗೆ ತೊದಲುತ್ತಾನೆ, ಯಾರನ್ನೂ ಬಿಟ್ಟವನಲ್ಲ. ನನ್ನನ್ನೂ ಬಿಟ್ಟಿಲ್ಲ: ಫ್ರಿಜ್ಜಿನ ಹಿಂದೆ ತಲೆ ತೂರಿಸಿ, ಏನೂ ತಿಳಿಯದೆ, "ಗ್ಯಾಸ್ ಹೋಗೈತ್ರೀ" ಎಂದು ಗಂಭೀರವಾಗಿ ಹೇಳುವ ಮೆಕ್ಯಾನಿಕ್ಕು. ದನಿ ಎಂದರೆ ಗಂಟಲಿನ ಕಸರತ್ತು, ಒಮ್ಮೆ ಕಿವಿಗೆ ಬಿದ್ದರೆ ಸಾಕು, ಯಾರದಾದರೂ ಬರುತ್ತದೆ. ಕಿವಿಗೆ ಬೀಳದ ದನಿ ಮಾತ್ರ ಬರುವುದಿಲ್ಲ. ಇದು ನನಗೆ ಖಾತ್ರಿಯಿತ್ತು.

ಕೆಲವು ವರ್ಷಗಳ ಹಿಂದಿನ ಬೇಸಿಗೆ. ಹೆಣ ಇಡುವ ತಂಪು ಪೆಟ್ಟಿಗೆಗಳನ್ನು ಬಾಡಿಗೆಗೆ ಕೊಡುವ ಬಾಷಾ ಭಾಯ್ ಅವರಿಗೆ ನಾನೇ ಕಾಯಂ ಮೆಕ್ಯಾನಿಕ್. ಕರೆಂಟು ನಂಬಲಾಗದ ಹಳ್ಳಿಗಳಿಗೆಂದು ಒಂದು ಪೆಟ್ಟಿಗೆಗೆ ಹನ್ನೆರಡು ವೋಲ್ಟಿನ ಕಂಪ್ರೆಸರ್ ಕೂರಿಸಿದ್ದೆವು. ದೋಣಿಯ ಫ್ರಿಜ್ಜುಗಳಲ್ಲಿ ಇರುವಂಥದು, ಬ್ಯಾಟರಿಯ ಮೇಲೆ ನಡೆಯುತ್ತದೆ. ಹರಿಗೋಲಿಗಿಂತ ದೊಡ್ಡದನ್ನು ಕಾಣದ ನಮ್ಮ ಸೀಮೆಯಲ್ಲಿ ದೋಣಿಯ ಫ್ರಿಜ್ಜು ಬಲ್ಲ ಏಕೈಕ ಪಂಡಿತ ನಾನು ಎಂದು ಬೀಗುತ್ತಿದ್ದೆ.

ಆ ಪೆಟ್ಟಿಗೆ ಹಾಲಹರವಿಯ ಆಚೆ ಒಂದು ಹಳ್ಳಿಗೆ ಹೋಗಿತ್ತು. ನಾಗಪ್ಪ ಎಂಬ ಕುರಿಗಾರ ಹಿಂದಿನ ದಿನ ಬೆಳಿಗ್ಗೆ ತೀರಿಕೊಂಡಿದ್ದ. ಒಬ್ಬಳೇ ಮಗಳು ಲಕ್ಷ್ಮಿ ಕುವೈತಿನಲ್ಲಿ ಯಾರದೋ ಮನೆಯ ಅಡುಗೆ ಕೆಲಸದಲ್ಲಿದ್ದಳು. ನಾಲ್ಕು ವರ್ಷದಿಂದ ಊರಿಗೆ ಬಂದಿರಲಿಲ್ಲ. ವಿಮಾನ ಇಳಿದು ಕಾರು ಹತ್ತಿದ್ದಾಳೆ, ದೀಪ ಹಚ್ಚುವ ಹೊತ್ತಿಗೆ ಮುಟ್ಟುತ್ತಾಳೆ, ಅಪ್ಪನ ಮುಖ ನೋಡದೆ ಮಣ್ಣು ಮಾಡಬೇಡಿ ಎಂದು ಫೋನಿನಲ್ಲಿ ಅತ್ತಿದ್ದಳಂತೆ. ಅಂದು ಬೆಳಿಗ್ಗೆ ಗಾಳಿಗೆ ಕಂಬ ಮುರಿದು ಕರೆಂಟು ಹೋಯಿತು. ಬ್ಯಾಟರಿಗೆ ಹಾಕಿದರೆ ಪೆಟ್ಟಿಗೆ ತಣ್ಣಗಾಗುತ್ತಿಲ್ಲ. ನಾನು ಆ ಊರು ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಅಂಗಳದ ಚಪ್ಪರದ ಕೆಳಗೆ ಪೆಟ್ಟಿಗೆ. ಗಾಜಿನೊಳಗೆ ಮುದುಕ, ಕುತ್ತಿಗೆಗೆ ಟವಲು ಸುತ್ತಿದ್ದರು. ಗಾಜಿನ ಒಳಮೈಯಲ್ಲಿ ನೀರ ಹನಿ ಇಳಿಯುತ್ತಿತ್ತು. ಊದುಬತ್ತಿಯ ಹೊಗೆಯನ್ನೂ ಮೀರಿ ವಾಸನೆ ಶುರುವಾಗಿತ್ತು.

ಕಂಪ್ರೆಸರ್ ಟಕ್ ಎಂದು ಎದ್ದು, ಎರಡು ಸಲ ನಡುಗಿ, ಸುಮ್ಮನಾಗುತ್ತಿತ್ತು. ಅದರ ಪಕ್ಕದ ಸಣ್ಣ ಕೆಂಪು ದೀಪ ಒಮ್ಮೆ ಮಿನುಗಿ ನಿಲ್ಲುತ್ತಿತ್ತು. ಒಮ್ಮೆ ಮಿನುಗಿದರೆ ವೋಲ್ಟೇಜ್ ಸಾಲದು ಎಂದರ್ಥ. ಬ್ಯಾಟರಿ ಅಳೆದೆ, ಹನ್ನೆರಡೂವರೆ ವೋಲ್ಟಿಗಿಂತ ಮೇಲೇ ಇತ್ತು. ಕಂಪ್ರೆಸರ್ ಬಾಯಲ್ಲಿ, ಅದು ಏಳುವ ಗಳಿಗೆಯಲ್ಲೇ ಅಳೆದೆ. ಹತ್ತಕ್ಕೂ ಕೆಳಗೆ ಕುಸಿಯುತ್ತಿತ್ತು. ಹಾಗಾದರೆ ನಡುವಿನ ವೈರು ವೋಲ್ಟೇಜ್ ತಿನ್ನುತ್ತಿದೆ. ನೋಡಿದರೆ, ಪೆಟ್ಟಿಗೆ ಇಳಿಸಿದವರು ಅದನ್ನು ಹೇಗೆ ಬೇಕೋ ಹಾಗೆ ಇಟ್ಟಿದ್ದರು. ತಲೆ ದಕ್ಷಿಣಕ್ಕಿರಲಿ ಎಂದು ಮನೆಯವರು ಅದನ್ನು ತಿರುಗಿಸಿದ್ದರು. ಮೋಟಾರಿನ ಬದಿ ತಲೆಯ ಕಡೆಗೆ ಹೋಯಿತು, ಬ್ಯಾಟರಿ ಕಾಲ ಕಡೆಗೆ ಉಳಿಯಿತು. ಕೇಬಲ್ ಮುಟ್ಟದ್ದಕ್ಕೆ ಮದುವೆಗೆ ಹಾಕುವ ಸೀರಿಯಲ್ ದೀಪದ ಸರದಿಂದ ಕೂದಲೆಳೆಯಂಥ ವೈರು ಕಿತ್ತು ಗಂಟು ಹಾಕಿದ್ದರು.

ಬ್ಯಾಟರಿಯನ್ನು ತಲೆಯ ಹತ್ತಿರ ತಂದು ದಪ್ಪ ಕೇಬಲನ್ನೇ ನೇರ ಕೊಟ್ಟರೆ ಮುಗಿಯಿತು. ಆದರೆ ಅಲ್ಲಿ ದೀಪವಿತ್ತು. ಪೆಟ್ಟಿಗೆಯ ತಲೆಬದಿಗೂ ಗೋಡೆಗೂ ನಡುವೆ ಒಂದು ದೀಪಕ್ಕಷ್ಟೇ ಜಾಗ. ನಾಗಪ್ಪನ ತಮ್ಮ ತಿಮ್ಮಣ್ಣ ಅಡ್ಡ ಬಂದ.

"ತಲಿ ದೀಪ ಮುಟ್ಟಬ್ಯಾಡ. ಹೆಣ ಎತ್ತಾತನ ಅದು ಕದಲಬಾರದು."

"ಒಂದು ಮೊಳ ಸರಸ್ತೀನಿ ಅಷ್ಟ ರೀ."

"ಇಂಕಾ ಎಂತಸೇಪಯ್ಯಾ, ಇನ್ನಾ ಎಷ್ಟೊತ್ತು? ವಾಸನಿ ಬರಾಕ ಹತ್ತೈತಿ. ಹೊತ್ತು ಮುಣಗೋದ್ರಾಗ ಮಣ್ಣು ಮಾಡಾಣ. ನಿನ್ನ ಡಬ್ಬಿ ನೀ ತಗೊಂಡು ಹೋಗು."

ನಾಗಪ್ಪನ ಹೆಂಡತಿ ಗಂಗಮ್ಮ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದವಳು ಎದ್ದು ಮೈದುನನ ಕಾಲು ಹಿಡಿದಳು. "ತಿಮ್ಮಣ್ಣಾ, ಕೂಸು ದಾರ‍್ಯಾಗ ಐತಿ. ಮೂರು ತಾಸು ತಡಿಯಪ್ಪ." ತಿಮ್ಮಣ್ಣ ಮುಖ ತಿರುಗಿಸಿದ. ಗುಂಡಿ ತೋಡಲು ಇಬ್ಬರು ಆಗಲೇ ಹೊರಟಿದ್ದರು.

ನನಗೊಂದು ಕೆಟ್ಟ ಚಟ. ಯಂತ್ರ ಹಟ ಹಿಡಿದರೆ ಯಾರದಾದರೂ ದನಿಯಲ್ಲಿ ಅದಕ್ಕೆ ಬೈಯುತ್ತೇನೆ. ಆ ಜನರ ನಡುವೆ, ಆ ಹೆಣದ ಪಕ್ಕದಲ್ಲಿ ಅದು ತಪ್ಪು ಎಂದು ಗೊತ್ತಿದ್ದೂ, ಪೆಟ್ಟಿಗೆಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಬಾಷಾ ಭಾಯ್ ದನಿಯಲ್ಲಿ ಕಂಪ್ರೆಸರಿಗೆ ಮೆಲ್ಲಗೆ ಒಂದು ಮಾತು ಬೈಯಲೆಂದು ಬಾಯಿ ತೆರೆದೆ. ಬಂದದ್ದು ಬೇರೆ. ದಪ್ಪ ದನಿ, ನಿಧಾನ, ಕೊನೆಯಲ್ಲಿ ಕುರಿಗಳನ್ನು ಕರೆಯುವಂತೆ ಎಳೆಯುವ ದನಿ. ಮೆಲ್ಲಗೆ ಬರಲಿಲ್ಲ, ಅಂಗಳವೆಲ್ಲ ಕೇಳುವಂತೆ ಬಂತು.

"ಲೇ ತಿಮ್ಮಾ, ದೀಪ ಸರಸಲೇ. ಗುಬ್ಬಿ ಬರ‍್ಲಿ, ತಡಿ."

ಅಳುತ್ತಿದ್ದ ಹೆಂಗಸರೆಲ್ಲ ಪೆಟ್ಟಿಗೆಯ ಕಡೆ ತಿರುಗಿದರು. ನಾನು ಎದ್ದು ಕ್ಷಮೆ ಕೇಳಬೇಕೆಂದುಕೊಂಡೆ, ಹೊಡೆತ ಬೀಳುತ್ತದೆ ಎಂದೇ ಹೆದರಿದೆ. ತಿಮ್ಮಣ್ಣ ನನ್ನ ಕಡೆ ನೋಡಲೇ ಇಲ್ಲ. ಗಾಜಿನ ಕಡೆ ನೋಡಿದ. ಬಗ್ಗಿ, ಎರಡೂ ಕೈಯಲ್ಲಿ ದೀಪ ಎತ್ತಿ ಸರಿಸಿ, ಅಲ್ಲೇ ನೆಲದ ಮೇಲೆ ಕುಸಿದು ಕೂತ.

ಗಂಗಮ್ಮ ಮಾತ್ರ ನನ್ನ ಹತ್ತಿರ ಬಂದಳು. "ಎಲ್ಲಿ ಕಲ್ತಿ ತಮ್ಮಾ? ಮೂರು ವರ್ಸದ ಹಿಂದ ದವಾಖಾನ್ಯಾಗ ಇವರ ಗಂಟಲ ಕೊಯ್ದು ತಗದ್ರು. ಅವತ್ತಿನಿಂದ ಒಂದು ಮಾತಿಲ್ಲ, ಬರೇ ಉಸುರು. ಆ ದನಿ ನೀ ಎಲ್ಲಿ ಕೇಳಿದಿ?"

ಟವಲು ಏಕೆ ಎಂದು ಆಗ ತಿಳಿಯಿತು. ಬ್ಯಾಟರಿಯನ್ನು ತಲೆಯ ಹತ್ತಿರ ತಂದಿಟ್ಟೆ. ಕೇಬಲ್ ಕೊಟ್ಟ ಕೂಡಲೇ ಕಂಪ್ರೆಸರ್ ಹಿಡಿಯಿತು, ನಿಲ್ಲಲಿಲ್ಲ.

ಆಮೇಲೆ ನಾನು ಸಾವಿರ ಸಲ ಯೋಚಿಸಿದ್ದೇನೆ. ತಿಮ್ಮನ ಹೆಸರು ಅಲ್ಲೇ ಕೇಳಿದ್ದೆ. ಗುಬ್ಬಿ ಎಂಬುದು ಮಗಳನ್ನು ಅಪ್ಪನೊಬ್ಬನೇ ಕರೆಯುತ್ತಿದ್ದ ಹೆಸರಂತೆ. ಯಾರೋ ಹಾಡಿಕೊಂಡು ಅಳುವಾಗ ನನ್ನ ಕಿವಿಗೆ ಬಿದ್ದಿರಬಹುದು, ಒಪ್ಪುತ್ತೇನೆ. ದೀಪ ಸರಿಯಲಿ ಎಂಬುದು ನನ್ನದೇ ಆಸೆ. ದನಿ? ತಮ್ಮನ ದನಿಯನ್ನೇ ತುಸು ದಪ್ಪ ಮಾಡಿದೆನೇನೋ ಎಂದರೆ, ತಿಮ್ಮಣ್ಣನದು ಮೇಕೆಯ ದನಿ. ಆ ಊರಿಗೆ ನಾನು ಅಂದೇ ಮೊದಲು ಹೋದದ್ದು. ಆ ಮನುಷ್ಯನನ್ನು ಅಂದೇ ಮೊದಲು ನೋಡಿದ್ದು, ಅದೂ ಗಾಜಿನೊಳಗೆ.

ಲಕ್ಷ್ಮಿ ದೀಪ ಹಚ್ಚುವ ಹೊತ್ತಿಗೆ ಬಂದಳು. ಅಷ್ಟರಲ್ಲಿ ಗಾಜಿನ ನೀರು ಆರಿ, ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಬಹಳ ಹೊತ್ತು ಹಣೆಯನ್ನು ಗಾಜಿಗೆ ಒತ್ತಿಕೊಂಡು ಕೂತಿದ್ದಳು. ಯಾರೋ ಅವಳ ಕಿವಿಯಲ್ಲಿ ನಡೆದದ್ದು ಹೇಳಿರಬೇಕು. ನಾನು ಗಾಡಿಯ ಹತ್ತಿರ ಸಾಮಾನು ತುಂಬುತ್ತಿದ್ದಾಗ ಬಂದು ನಿಂತಳು.

"ಅಣ್ಣಾ, ಮೂರು ವರ್ಸ ಫೋನಿನ್ಯಾಗ ಅಪ್ಪನ ಉಸುರು ಅಷ್ಟ ಕೇಳೀನಿ. ಒಂದ್ಸಲ ಅನ್ರಿ. ಗುಬ್ಬಿ ಅಂತ ಅಷ್ಟ ಅನ್ರಿ."

ಬಾಯಿ ತೆರೆದೆ. ಬಾಷಾ ಭಾಯ್ ದನಿ ಬಂತು. ಮತ್ತೆ ತೆರೆದೆ, ಕಂಠ ದಪ್ಪ ಮಾಡಿದೆ, ಕೊನೆಯಲ್ಲಿ ಎಳೆದೆ. ನಾಟಕದ ರಾಕ್ಷಸ ಬಂದ. ಅವಳು ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದಳು. ಮೂರನೆಯ ಸಲ ನನ್ನ ದನಿಯೇ ಬಂತು, ಅದೂ ಒಡೆದು. "ಸರ‍್ಲೇ ಇರಲಿ ಬಿಡಣ್ಣ," ಎಂದು ಕಣ್ಣು ತೆರೆದು, ಒಳಗೆ ಹೋದಳು. ಟ್ರ್ಯಾಕ್ಟರ್ ಬೆಳಕಿನಲ್ಲಿ ಮಣ್ಣು ಮಾಡಿದರು.

ಈಗಲೂ ಒಬ್ಬನೇ ಗಾಡಿ ಓಡಿಸುವಾಗ ಆ ದನಿ ತೆಗೆಯಲು ಪ್ರಯತ್ನಿಸುತ್ತೇನೆ. ಒಮ್ಮೆಯೂ ಬಂದಿಲ್ಲ. ಅಂದು ಅಂಗಳದಲ್ಲಿ ಇಪ್ಪತ್ತು ಮೂವತ್ತು ಜನರಿದ್ದರು, ಎಲ್ಲರೂ ಕೇಳಿದರು. ಆ ಹೊತ್ತಿಗೆ ಲಕ್ಷ್ಮಿ ಇನ್ನೂ ದಾರಿಯಲ್ಲಿದ್ದಳು.