ವಾಲ್ವು ದೊಡ್ಡದು ಮಾಡಿದ ದಿನ

ಶಿವಯೋಗೆಪ್ಪನವರು ಯಾವುದನ್ನೂ ಬಳಸಿ ಮುಗಿಸಿದವರಲ್ಲ. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮಿಬ್ಬರ ಮನೆಗೂ ಒಂದೇ ಗೋಡೆ, ಹಾಗಾಗಿ ಇದು ಚಾಡಿಯಲ್ಲ, ಕಣ್ಣಾರೆ ಕಂಡದ್ದು. ಹೊಸ ಧೋತರ ಟ್ರಂಕಿನಲ್ಲಿ, ಹರಿದದ್ದು ಮೈಮೇಲೆ. ತಿಕೋಟಾದಲ್ಲಿ ಸ್ವಂತ ದ್ರಾಕ್ಷಿ ತೋಟ, ಒಣಗಿಸುವ ಶೆಡ್ಡು ಎಲ್ಲ ಇವೆ. ಆದರೂ ಒಳ್ಳೆಯ ಒಣದ್ರಾಕ್ಷಿ ಬೀಗರಿಗೆಂದು ಡಬ್ಬಿಯಲ್ಲೇ ಕೂತು ಅಂಟಂಟಾಗುತ್ತಿತ್ತು. ಕೇಳಿದರೆ, “ಇಟ್ಟದ್ದು ಕೆಲಸಕ್ಕ ಬರ್ತದ್ರಿ” ಎನ್ನುವರು.

ಇಂಥವರು ಬಬಲೇಶ್ವರದ ರೇಡಿಯೊ ರಿಪೇರಿ ಅಯೂಬನಿಂದ, ಹಳೆಯ ರೇಡಿಯೊದಲ್ಲಿರುತ್ತಿದ್ದಂಥ ಗಾಜಿನ ವಾಲ್ವಿನ ಆಂಪ್ಲಿಫೈಯರ್ ಮಾಡಿಸಿ ತಂದಾಗ ಓಣಿಯೇ ಬೆರಗಾಯಿತು. ಮಾಡಿಸಿದ್ದು ಹೆಂಡತಿ ಕಾಶಿಬಾಯಿಗಾಗಿ. ಬಬಲೇಶ್ವರ ಆಕೆಯ ತವರು. ಅಪ್ಪ ಭಜನಾ ಮೇಳದಲ್ಲಿ ತಾಳ ಹಾಕುತ್ತಿದ್ದವರು. ಮೊಬೈಲಿನಲ್ಲಿ ಭಜನೆ ಹಚ್ಚಿಕೊಟ್ಟರೆ ಆಕೆ “ತಗಡಿನ ದನಿ” ಎಂದು ಮುಖ ತಿರುಗಿಸಿದ್ದು ಇವರ ಮನಸ್ಸಿಗೆ ನಾಟಿತ್ತು.

ಪೆನ್‌ಡ್ರೈವ್ ತುಂಬ ಭಜನೆ ಹಾಕಿಕೊಟ್ಟ ಅಯೂಬ, ಇವರು ಹೊರಡುವಾಗ ಒಂದು ಮಾತು ಹೇಳಿದ. “ಈ ಗಾಜಿನ ವಾಲ್ವಿಗೂ ಆಯುಷ್ಯ ಅದ ಕಾಕಾ. ಉರದಷ್ಟು ಸವೀತಾವ.”

ಕುಣಿಯುವವನಿಗೆ ತಾಳ ಕೊಟ್ಟಂತಾಯಿತು. ಅಂದಿನಿಂದ ಸೋಮವಾರ ಮುಂಜಾನೆ ಒಂದೇ ತಾಸು ಭಜನೆ. ಅದೂ ವಾಲ್ವಿಗೆ ಶ್ರಮವಾದೀತೆಂದು ಪಿಸುಮಾತಿನಷ್ಟು ದನಿ. ಮುಪ್ಪಿನ ಕಾಲಕ್ಕೆ ಹೆಂಡತಿ ಆರಾಮಾಗಿ ಕೂತು ಕೇಳಲಿ, ಅಲ್ಲಿಯವರೆಗೆ ವಾಲ್ವು ಉಳಿಯಲಿ ಎಂಬುದೇ ಅವರ ಆಸೆ. ಕಾಶಿಬಾಯಿ ಎದುರಿಗೆ ಮಣೆ ಹಾಕಿಕೊಂಡು, ಕೆಂಪಗೆ ಉರಿಯುವ ವಾಲ್ವು ನೋಡುತ್ತ ತಲೆದೂಗುವರು. ಇತ್ತೀಚೆಗೆ ಆಕೆ ಯಾರ ಮಾತಿಗೂ ಬರೀ ನಕ್ಕು ಸುಮ್ಮನಾಗುತ್ತಿದ್ದರು. ಸೊಸೆ ಬಂದ ಮೇಲೆ ಶಾಂತವಾಗಿದ್ದಾರೆ ಎಂದುಕೊಂಡಿದ್ದೆವು.

ಶಿವಯೋಗೆಪ್ಪನವರಿಗೆ ಆ ಕೆಂಪು ಬೆಳಕು ದೀಪವೇ. ದೀಪ ಆರಿಸು ಎಂದು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ, ಅಪಶಕುನ. ‘ದೊಡ್ಡದು ಮಾಡು’ ಎನ್ನುತ್ತೇವೆ. ಪುಣೆಯಲ್ಲಿ ಹುಟ್ಟಿ ಬೆಳೆದ ಸೊಸೆ ಕಾವ್ಯಾಳಿಗೆ ಇದು ಹೇಗೆ ಗೊತ್ತಾಗಬೇಕು?

ಒಂದು ಸೋಮವಾರ ಭಜನೆ ನಡೆದಿರುವಾಗಲೇ ತಿಕೋಟಾದಿಂದ ಫೋನು ಬಂತು: ಮೋಡ ಕವಿದಿದೆ, ಶೆಡ್ಡಿಗೆ ತಾಡಪತ್ರಿ ಕಟ್ಟಬೇಕು. ಶಿವಯೋಗೆಪ್ಪ ಗಾಡಿ ಹತ್ತಿದವರೇ ಹೊಸ್ತಿಲ ಕಡೆ ತಿರುಗಿ ಕೂಗಿದರು. “ಕಾವ್ಯಾ, ಅದನ್ನ ದೊಡ್ಡದು ಮಾಡವಾ!”

ಮಾವನ ಮಾತು ಮೀರದ ಹುಡುಗಿ. ಗುಂಡಿ ತಿರುವಿ ದನಿ ದೊಡ್ಡದು ಮಾಡಿದಳು. ನನ್ನ ಗೋಡೆಯ ಕ್ಯಾಲೆಂಡರ್ ಅಲುಗಿತು. ಮಧ್ಯಾಹ್ನವಾದರೂ ನಿಲ್ಲಲಿಲ್ಲ. ನಿದ್ದೆಗೆ ಎಳ್ಳುನೀರು ಬಿಟ್ಟು, ಜಗಳಕ್ಕೆಂದೇ ಎದ್ದು ಹೋದೆ. ಒಳಗೆ ಕಾಶಿಬಾಯಿ ತೊಡೆ ತಟ್ಟುತ್ತ ಗಟ್ಟಿಯಾಗಿ ಹಾಡುತ್ತಿದ್ದರು. ಜಗಳ ಮರೆತು, ಕೂತು ಚಹಾ ಕುಡಿದೆ.

ಹೊತ್ತಿಳಿದ ಮೇಲೆ ಶಿವಯೋಗೆಪ್ಪ ಬಂದರು. ಓಣಿಯ ತುದಿಗೇ ದನಿ ಕೇಳಿಸಿತ್ತೇನೋ, ಚಪ್ಪಲಿ ಹಾಕಿಕೊಂಡೇ ಒಳಗೆ ನುಗ್ಗಿದರು. “ಸತ್ನೆಪೋ! ಮುಂಜಾನಿಂದ ಉರ್ಯಾಕತ್ತದ! ದೊಡ್ಡದು ಮಾಡಂದ್ರ ಏನ್ ಮಾಡಿ ಕುಂತಿ ನಮ್ಮವ್ವಾ?”

“ದೊಡ್ಡದ ಮಾಡೀನಲ್ರಿ ಮಾವಾರ!” ಕಾವ್ಯಾ ಕಣ್ಣುಕಣ್ಣು ಬಿಟ್ಟಳು. ನಾನು ಎರಡನೆಯ ಸಲದ ಚಹಾ ನೆತ್ತಿಗೆ ಹತ್ತಿ ಕೆಮ್ಮಿದೆ.

ಕಾಶಿಬಾಯಿಗೆ ಈ ಕೂಗಾಟ ಯಾವುದೂ ಮುಟ್ಟಿರಲಿಲ್ಲ. ಗಂಡನನ್ನು ಕಂಡು ಮುಖ ಅರಳಿಸಿದರು. “ರೀ, ಇವತ್ತ ತಾಳ ಕೇಳಸ್ತು ನೋಡ್ರಿ! ಥೇಟ ನಮ್ಮಪ್ಪ ಹಾಕಿದಂಗ!”

“ಯಾಕ, ಹ್ವಾದ ಸೋಮಾರ ಕೇಳ್ಸಿಲ್ಲೇನು?”

“ಆಂ?”

ಶಿವಯೋಗೆಪ್ಪ ಗುಂಡಿ ತಿರುವಿ ಭಜನೆಯ ದನಿ ತಗ್ಗಿಸಿ ಬಂದು, ಆಕೆಯ ಕಿವಿಯ ಬಳಿ ಕೂತು ಮತ್ತೆ ಕೇಳಿದರು.

“ಕಿವಿ ಮಂದ ಆಗಿ ಭಾಳ ದಿನಾ ಆತ್ರಿ. ನೀವು ಅಷ್ಟ ಪ್ರೀತೀಲೆ ಹಚ್ಚತಿದ್ರಿ, ಕೇಳ್ಸಂಗಿಲ್ಲ ಅಂತ ಹೆಂಗ ಹೇಳ್ಲಿ? ದೀಪಾ ನೋಡ್ಕೋತ ಕುಂದರ್ತಿದ್ದೆ.”

ಶಿವಯೋಗೆಪ್ಪನವರ ಮುಖ ಬಾಡಿತು. ಎದ್ದು ಅಯೂಬನಿಗೆ ಫೋನು ಹಚ್ಚಿ, ದಿನಾ ಹಚ್ಚಿದರೆ ವಾಲ್ವು ಎಷ್ಟು ಕಾಲ ಬಂದಾವು ಎಂದು ಕೇಳಿದರು. ಅವನ ದನಿ ನನಗೂ ಕೇಳಿಸಿತು. “ದಿನಾ ಎರಡ್ಮೂರು ತಾಸು ಹಚ್ಚಿದ್ರೂ ದೊಡ್ಡ ವಾಲ್ವು ಎರಡು ವರ್ಷ ಆರಾಮ ಬರ್ತಾವ ಕಾಕಾ, ಸಣ್ಣವು ಅದಕ್ಕಿಂತ ಭಾಳ. ಹ್ವಾದ್ರ ಹೊಸಾವು ಸಿಗತಾವ ಬಿಡ್ರಿ.”

ಶಿವಯೋಗೆಪ್ಪ ಹೆಂಡತಿಯ ಕಿವಿಗಳನ್ನೇ ನೋಡುತ್ತ ನಿಂತರು. ಅವಕ್ಕೆ ಹೊಸವು ಸಿಗುವುದಿಲ್ಲ. ಕಾಶಿಬಾಯಿಯೇ ನಕ್ಕರು. “ಹಲ್ಲಿದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ ಅಂತಾರ. ನೀವು ಎರಡೂ ಇದ್ದು ಡಬ್ಬಿ ಮುಚ್ಚಿಡಾವ್ರು!”

ಈಗ ದಿನಾ ಸಂಜೆ ಭಜನೆ. ಒಣದ್ರಾಕ್ಷಿ ಡಬ್ಬಿಯೂ ತೆರೆದಿದೆ, ನನಗೂ ಒಂದು ಮುಷ್ಟಿ ಸಿಗುತ್ತದೆ. ಡಾಕ್ಟರು ಕಿವಿಗೆ ಮಷೀನು ಕೊಟ್ಟಿದ್ದಾರೆ. ಕಾಶಿಬಾಯಿ ಅದನ್ನೂ “ತಗಡಿನ ದನಿ” ಎಂದು ಭಜನೆಯ ಹೊತ್ತಿಗೆ ತೆಗೆದಿಡುತ್ತಾರೆ.

ಊಟದ ಹೊತ್ತಾದಾಗ ಶಿವಯೋಗೆಪ್ಪ ಹಳೆಯ ರೂಢಿಯಂತೆ ಹೇಳುತ್ತಾರೆ. “ಕಾವ್ಯಾ, ದೊಡ್ಡದು ಮಾಡವಾ.”

ಕಾವ್ಯಾ ಈಗ ಶಾಣ್ಯಾಳಾಗಿದ್ದಾಳೆ. ಗುಂಡಿಯ ಮೇಲೆ ಕೈಯಿಟ್ಟು, “ಯಾವ ದೊಡ್ಡದು ಮಾವಾರ, ನಿಮ್ಮದೋ ನಂದೋ?” ಎನ್ನುತ್ತಾಳೆ.

ಅವರು ಹೆಂಡತಿಯ ಕಡೆ ನೋಡುತ್ತಾರೆ. ಕಾಶಿಬಾಯಿಗೆ ಮಾತು ಕೇಳಿಸದಿದ್ದರೂ ಗುಂಡಿಯ ಮೇಲಿನ ಕೈ ಕಾಣುತ್ತದೆ. ಆಕೆ ಅಂಗೈ ಮೇಲಕ್ಕೆತ್ತಿ, ಇನ್ನಷ್ಟು ಎಂದು ಸನ್ನೆ ಮಾಡುತ್ತಾರೆ. ಇತ್ತ ನನ್ನ ಕ್ಯಾಲೆಂಡರ್ ಅಲುಗುತ್ತದೆ.